ಮೇ ತಿಂಗಳಲ್ಲಿ ಹಾಕಿದ ಟ್ಯಾಟೂ ಕೊನೆಗೂ ಚೆನ್ನಾಗಿ ಮಾಯಿತು

ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ ದೊಡ್ಡ ಟ್ಯಾಟೂ ಹಾಕುವವನಿಗೂ ತಲೆ ಇಲ್ಲ, ಹಾಕಿಸಿಕೊಳ್ಳುವವನಿಗೂ ಇಲ್ಲ ಅಂತ ನಮ್ಮ ಲೈನಿನವರ ಮಾತು. ನಾನೂ ಗಿರಾಕಿಗಳಿಗೆ "ದೀಪಾವಳಿ ಆದ್ಮೇಲೆ ಬಾರಪ್ಪ" ಅಂತಲೇ ಹೇಳುತ್ತಿದ್ದೆ. ಆದರೆ ಎರಡು ತಿಂಗಳು ಅಂಗಡಿಯಲ್ಲಿ ಸುಮ್ನೆ ನೊಣ ಹೊಡೆಯುತ್ತಾ ಕೂತರೆ ಬಾಡಿಗೆ ಯಾರು ಕಟ್ಟುತ್ತಾರೆ? ಅದಕ್ಕೇ ನನ್ನ ಮೈಯನ್ನೇ ಪ್ರಯೋಗಕ್ಕೆ ಇಟ್ಟೆ. ಮೂರು ಬೇಸಿಗೆ ಹಿಡಿಯಿತು.

ಮೊದಲನೆಯದು ಎಡ ಮುಂಗೈ ಮೇಲೆ ಒಂದು ಚೇಳು. ಎಲ್ಲರಂತೆ ಪೆಟ್ರೋಲಿಯಂ ಜೆಲ್ಲಿ ಬಳಿದೆ, ದಿನಕ್ಕೆ ನಾಲ್ಕು ಸಲ, ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ. 40 ಡಿಗ್ರಿ ದಾಟಿದ ಸೆಕೆಯಲ್ಲಿ ಆ ಜೆಲ್ಲಿ ಕೆಳಗಿನ ಬೆವರು ಎಲ್ಲಿಗೆ ಹೋಗಬೇಕು? ಮೂರನೇ ದಿನಕ್ಕೆ ಟ್ಯಾಟೂ ತುಂಬಾ ಬೆವರುಸಾಲೆ. ಹಕ್ಕಳೆ ಒಣಗಲೇ ಇಲ್ಲ, ಮೆತ್ತಗೆ ನೆನೆದು ಕೂತಿತು. ಒಂದು ಬೆಳಿಗ್ಗೆ ದಿಂಬಿನ ಕವರಿಗೆ ಅಂಟಿಕೊಂಡು ಇಂಕ್ ಸಮೇತ ಕಿತ್ತು ಬಂತು. ಚೇಳಿನ ಕೊಂಡಿಯೇ ಮಾಯ! ಸಾಲದ್ದಕ್ಕೆ ಯಾರೋ ಹೇಳಿದರು ಅಂತ ಆಂಟಿಬಯಾಟಿಕ್ ಮುಲಾಮು ಬೇರೆ ಹಚ್ಚಿದೆ. ಕೈ ಕೆಂಪಗೆ ಊದಿಕೊಂಡಿತು. ಅದರಲ್ಲಿದ್ದ ನಿಯೋಮೈಸಿನ್ ನನಗೆ ಅಲರ್ಜಿ ಅಂತ ಚರ್ಮದ ಡಾಕ್ಟರ್ ಹೇಳಿದಾಗಲೇ ಗೊತ್ತಾಗಿದ್ದು. ಫೀಸು, ಮಾತ್ರೆ ಎಲ್ಲ ಸೇರಿ 1,200 ರೂಪಾಯಿ ಹತ್ತಿರ ಹೋಯಿತು. ಟಚಪ್, ಅಂದರೆ ಇಂಕ್ ಹೋದ ಕಡೆ ಮತ್ತೆ ತುಂಬುವುದು, ಎರಡು ಸಲ ಮಾಡಿಕೊಂಡೆ.

ಎರಡನೇ ಬೇಸಿಗೆಗೆ ಬುದ್ಧಿ ಬಂದಿದೆ ಅಂದುಕೊಂಡು ಸೆಕೆಂಡ್ ಸ್ಕಿನ್ ಫಿಲ್ಮ್ ತರಿಸಿದೆ, ಹೊಸ ಟ್ಯಾಟೂ ಮೇಲೆ ಅಂಟಿಸುವ ತೆಳು ಪ್ಲಾಸ್ಟಿಕ್ ಪದರ. ಒಂದು ರೋಲ್ ಸಾವಿರದ ಚಿಲ್ಲರೆ. ಮೀನಖಂಡದ ಮೇಲೆ ಹದ್ದು. ನಾಲ್ಕೈದು ದಿನ ಮುಟ್ಟಲೇ ಬೇಡ ಅಂತ ಬೆಂಗಳೂರಿನ ಗೆಳೆಯನ ಸಲಹೆ. ಅವನ ಊರಿನ ಹವೆಗೆ ಅದು ಸರಿ ಇರಬಹುದು. ಇಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಕೂಲರ್ ನಿಂತರೆ ಅರ್ಧ ಗಂಟೆ ಸಾಕು. ಫಿಲ್ಮ್ ಒಳಗೆ ಬೆವರು, ರಸಿಕೆ, ಇಂಕ್ ಸೇರಿ ಕರಿ ನೀರಿನ ಚೀಲವೇ ಆಯಿತು. ಎರಡನೇ ರಾತ್ರಿ ಅಂಚು ಬಿಟ್ಟುಕೊಂಡು ಹೊಸ ಬೆಡ್‌ಶೀಟ್ ಮೇಲೆ ಸೋರಿತು. ಮನೆಯಲ್ಲಿ ಆದ ಪೂಜೆ ಬೇಡ ಬಿಡಿ. ಅಂಚು ಬಿಟ್ಟ ಮೇಲೆ ಫಿಲ್ಮ್ ತೆಗೆಯಲೇಬೇಕು, ಅದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ದುಡ್ಡಿನ ಆಸೆಗೆ ಮೇಲೆ ಇನ್ನೊಂದು ತುಂಡು ಅಂಟಿಸಿಕೊಂಡು ಬೈಕ್ ಹತ್ತಿ ಸಂಡೂರಿಗೆ ಹೋಗಿ ಬಂದೆ. ಅದಿರು ಲಾರಿಗಳ ಹಿಂದೆ ಬೈಕ್ ಓಡಿಸಿದವರಿಗೆ ಆ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ತೆರೆದ ಅಂಚಿಗೆ ಮೆತ್ತಿಕೊಂಡಿತ್ತು. ಹದ್ದಿನ ಎಡ ರೆಕ್ಕೆ ಈಗಲೂ ಮಸುಕು.

ಮೂರನೆಯದು ಎಡ ತೊಡೆ ಮೇಲೆ, ನಮ್ಮ ಬಳ್ಳಾರಿ ಗುಡ್ಡ, ಮೇಲೆ ಕೋಟೆ. ಸಂಜೆ ಏಳರ ನಂತರ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದೆ. ಫಿಲ್ಮ್ ಆ ಒಂದು ರಾತ್ರಿಗೆ ಮಾತ್ರ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ನಿಧಾನಕ್ಕೆ ಬಿಡಿಸಿದೆ. ನೀರಿನ ವಿಷಯ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ನಮ್ಮ ಬೋರ್ ನೀರು ಬಕೆಟ್‌ಗೆ ಬಿಳಿ ಪದರ ಕಟ್ಟುತ್ತದೆ, ತೊಳೆದ ಮೇಲೆ ಚರ್ಮ ಬಿಗಿದು ಉರಿಯುತ್ತಿತ್ತು. ಫಿಲ್ಟರ್ ನೀರು ಕಾಯಿಸಿ ಆರಿಸಿ ಬಳಸಿದೆ. ದಿನಕ್ಕೆ ಎರಡು ಸಲ, ವಾಸನೆ ಇಲ್ಲದ ಸೋಪು, ಬರೀ ಅಂಗೈ. ಟಿಶ್ಯೂ ಒತ್ತಿ ಒಣಗಿಸುವುದು, ಉಜ್ಜುವುದಿಲ್ಲ. ಆಮೇಲೆ ಎರಡು ದಿನ ಏನೂ ಹಚ್ಚಲಿಲ್ಲ. ಏನೂ ಅಂದರೆ ಏನೂ ಇಲ್ಲ.

"ಒಣಗಿ ಬಿರಿಯುತ್ತೆ ನೋಡು" ಅಂತ ಇಬ್ಬರು ಬೆಟ್ ಕಟ್ಟಿದ್ದರು. ಬಿರಿಯಲಿಲ್ಲ. ಮೂರನೇ ದಿನ ಚರ್ಮ ಎಳೆದ ಹಾಗೆ ಅನ್ನಿಸಿದಾಗ ಅಕ್ಕಿ ಕಾಳಿನಷ್ಟು ಲೋಷನ್, ಹೊಳಪು ಕಾಣದ ಹಾಗೆ ತೆಳ್ಳಗೆ. ಯಾವ ಲೋಷನ್ ಅಂತ ಕೇಳಬೇಡಿ, ಅದು ನನ್ನ ಅಂಗಡಿಯ ಗುಟ್ಟು.

ಜೀನ್ಸ್ ಹೊಲಿಯುವ ಊರಲ್ಲಿ ಇದ್ದುಕೊಂಡು ಹತ್ತು ದಿನ ಲುಂಗಿಯಲ್ಲೇ ಓಡಾಡಿದೆ. ಹೊಸ ಜೀನ್ಸ್ ಬಣ್ಣ ಬಿಡುತ್ತದೆ, ಹಸಿ ಚರ್ಮಕ್ಕೆ ಉಜ್ಜುತ್ತದೆ. ಕೌಲ್ ಬಜಾರಿಗೆ ಹೋದಾಗ ನಕ್ಕವರು ನಗಲಿ.

ಅಮ್ಮ ಅರಿಶಿಣ ಹಚ್ಚಿಕೋ ಅಂತ ಹಿಂದೆ ಬಿದ್ದಳು. ಅಜ್ಜಿಯ ಕೈ ಮೇಲಿನ ಹಸಿರು ಹಚ್ಚೆಗೂ ಅದನ್ನೇ ಹಚ್ಚಿದ್ದರಂತೆ. ಆ ಹಚ್ಚೆ ಐವತ್ತು ವರ್ಷ ಬಾಳಿದ್ದು ನಿಜ, ಗೆರೆಗಳು ಹರಡಿ ಏನು ಚಿತ್ರ ಅಂತ ಗೊತ್ತಾಗದಿದ್ದದ್ದೂ ನಿಜ. ಬದನೆಕಾಯಿ ನಂಜು ಅಂತ ಎರಡು ವಾರ ಎಣ್ಣೆಗಾಯಿ ಬಂದ್ ಮಾಡಿದಳು. ಅದಕ್ಕೆ ಎದುರಾಡಲಿಲ್ಲ. ಕೊಬ್ಬರಿ ಎಣ್ಣೆಯನ್ನು ಮಾತ್ರ ನಾಲ್ಕು ಬೆರಳಷ್ಟು ಜಾಗದಲ್ಲಿ ಪರೀಕ್ಷೆ ಮಾಡಿದೆ. ಎಣ್ಣೆ ಹಚ್ಚಿದ ಕಡೆ ಸಿಪ್ಪೆ ಎರಡು ಮೂರು ದಿನ ತಡವಾಗಿ ಎದ್ದಿತು, ಸ್ವಲ್ಪ ಬೆವರುಸಾಲೆಯೂ ಬಂತು. ಬಣ್ಣದಲ್ಲಿ ವ್ಯತ್ಯಾಸ ಇಲ್ಲ, ಸುಳ್ಳು ಯಾಕೆ ಹೇಳಲಿ.

ಐದನೇ ದಿನಕ್ಕೆ ಸಿಪ್ಪೆ ಏಳಲು ಶುರು, ಹದಿಮೂರಕ್ಕೆ ಮುಗಿಯಿತು. ಆರರಿಂದ ಒಂಬತ್ತರವರೆಗೆ ತುರಿಕೆ ಅಂದರೆ ನರಕ. ಕೆರೆಯಬೇಡಿ, ಅಂಗೈಯಿಂದ ಮೆತ್ತಗೆ ತಟ್ಟಿ. ಇನ್ನೊಂದು ಉಪಾಯ ಇದೆ, ಅದು ಅಂಗಡಿಗೆ ಬಂದವರಿಗೆ ಮಾತ್ರ. ಕೆಂಪು ಹರಡುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ ನನ್ನನ್ನು ಕೇಳಬೇಡಿ, ಸೀದಾ ಡಾಕ್ಟರ್ ಹತ್ತಿರ ಹೋಗಿ. ಒಬ್ಬ ಹುಡುಗ ಟ್ಯಾಟೂ ಹಾಕಿಸಿದ ನಾಲ್ಕನೇ ದಿನ ಕಾಲುವೆಗೆ ಹಾರಿದ. ಟ್ಯಾಟೂಗೆ ಕೊಟ್ಟಿದ್ದರ ಮೂರು ಪಟ್ಟು ಆಸ್ಪತ್ರೆಗೆ ಕೊಟ್ಟ.

ಒಂದು ತಿಂಗಳು ಮೇಲ್ಗಡೆ ಬೆಳ್ಳಿ ಬೆಳ್ಳಿ ಹೊಳಪಿತ್ತು, ಆಮೇಲೆ ಕಪ್ಪು ಕೂತಿತು. ಟಚಪ್ ಒಂದೇ ಕಡೆ ಬೇಕಾಯಿತು, ಬುರುಜಿನ ಮೂಲೆಯಲ್ಲಿ, ಅದೂ ನಿದ್ದೆಗಣ್ಣಲ್ಲಿ ನಾನೇ ಕೆರೆದದ್ದು. ಮೂರನೆಯದರ ಖರ್ಚು ಲೋಷನ್, ಸೋಪು, ಟಿಶ್ಯೂ ಸೇರಿ 400 ದಾಟಿಲ್ಲ. ಬೆಟ್ ಕಟ್ಟಿದವರಲ್ಲಿ ಒಬ್ಬ ಒಗ್ಗರಣೆ ಮಿರ್ಚಿ ಕೊಡಿಸಿದ, ಇನ್ನೊಬ್ಬ ಇನ್ನೂ ಬಾಕಿ. ಫಿಲ್ಮ್ ರೋಲ್ ಅರ್ಧಕ್ಕಿಂತ ಜಾಸ್ತಿ ಡ್ರಾಯರ್‌ನಲ್ಲೇ ಬಿದ್ದಿದೆ, ಡಿಸೆಂಬರ್ ಚಳಿಯಲ್ಲಿ ಮೂರು ದಿನ ಮೈಮೇಲೇ ಬಿಟ್ಟು ನೋಡಬೇಕು ಅಂತಿದ್ದೇನೆ.