ಲಿಬರ್ಟೇರಿಯನ್ ವಿಚಾರವನ್ನು ಒಪ್ಪದವರೊಡನೆ ಮಾತನಾಡುವ ಬಗೆ

ಸರ್ಕಾರದ ಅಧಿಕಾರ ಕಿರಿದಾಗಬೇಕು, ತನ್ನ ದುಡಿಮೆ, ಆಸ್ತಿ ಮತ್ತು ಬದುಕಿನ ಆಯ್ಕೆಗಳ ಮೇಲೆ ವ್ಯಕ್ತಿಗೇ ಹಕ್ಕಿರಬೇಕು ಎಂಬ ಲಿಬರ್ಟೇರಿಯನ್ ನಿಲುವನ್ನು ವಿವರಿಸಲು ಹೊರಟ ಉತ್ಸಾಹಿಗಳು ಹಲವು ಸಲ ‘ತೆರಿಗೆಯೆಂದರೆ ಲೂಟಿ’ ಎಂಬ ಸೂತ್ರದಿಂದಲೇ ಆರಂಭಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿ, ಪಡಿತರದ ಅಕ್ಕಿ ಉಂಡು ಬೆಳೆದವರಿಗೆ ಅದು ಸಿದ್ಧಾಂತವಾಗಿ ಕೇಳಿಸದೆ, ಉಂಡ ಮನೆಗೆ ಎರಡು ಬಗೆಯುವ ಮಾತಾಗಿ ಕೇಳಿಸುತ್ತದೆ. ಆದ್ದರಿಂದ ತತ್ತ್ವವನ್ನು ಸದ್ಯಕ್ಕೆ ಬದಿಗಿಟ್ಟು, ಎದುರಿಗಿರುವವರಿಗೆ ಪರಿಚಿತವಾದ ಒಂದು ನಿರ್ಬಂಧದಿಂದ ತೊಡಗಿ.

ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಇದಕ್ಕೆ ಕಾಫಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರರನ್ನು ಉಳಿಸಲೆಂದು ಬಂದ, ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ಪೂಲಿಂಗ್ ವ್ಯವಸ್ಥೆ 1942ರ ಕಾಫಿ ಕಾಯ್ದೆಯಿಂದ ಬೇರೂರಿ, ಯುದ್ಧ ಮುಗಿದು ದಶಕಗಳು ಕಳೆದರೂ ಉಳಿಯಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಮನೆಬಳಕೆಗೂ ಬೀಜಕ್ಕೂ ಬೇಕಾದ ಅಲ್ಪ ಭಾಗವನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಮಾರಿ, ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು, 1993ರಲ್ಲಿ ಶೇ. 50ರಷ್ಟನ್ನು ಮುಕ್ತವಾಗಿ ಮಾರಲು ಅವಕಾಶ ದೊರೆಯಿತು. 1996ರಲ್ಲಿ ಕಡ್ಡಾಯ ಪೂಲಿಂಗ್ ಪೂರ್ತಿಯಾಗಿ ಹೋಯಿತು. ಇಷ್ಟನ್ನು ಹೇಳಿ, ‘ತಾನು ಬೆಳೆದದ್ದನ್ನು ಯಾರಿಗೆ, ಯಾವಾಗ ಮಾರಬೇಕೆಂದು ನಿರ್ಧರಿಸುವವರು ಯಾರಾಗಿರಬೇಕು?’ ಎಂದು ಕೇಳಿ ಸುಮ್ಮನಾಗಿ. ಉತ್ತರ ಅವರ ಬಾಯಿಂದಲೇ ಬರಲಿ.

ಪ್ರತಿವಾದವನ್ನು ಅವರಿಗಿಂತ ಮೊದಲು ನೀವೇ ಹೇಳುವುದು ಅಗತ್ಯ. ಪೂಲಿಂಗ್ ಹೋದ ಕೆಲವೇ ವರ್ಷಗಳಲ್ಲಿ, ವಿಯೆಟ್ನಾಂನ ರೊಬಸ್ಟಾ ತಳಿಯ ಕಾಫಿ ಜಗತ್ತಿನ ಮಾರುಕಟ್ಟೆಗೆ ಹರಿದುಬಂದು, ಬೆಲೆ ಪಾತಾಳಕ್ಕಿಳಿದು, ಮಲೆನಾಡಿನ ಬೆಳೆಗಾರರು ಸಾಲದಲ್ಲಿ ಸಿಲುಕಿದರು. ಇದನ್ನು ಮರೆಮಾಚಿ ವಾದಿಸಿದರೆ, ಆ ವರ್ಷಗಳನ್ನು ಕಂಡವರು ನಿಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಮಾರುವ ಸ್ವಾತಂತ್ರ್ಯ ಒಳ್ಳೆಯ ಬೆಲೆಯ ಖಾತರಿಯಲ್ಲ. ಅದು ನಿರ್ಧಾರವನ್ನೂ ಅದರ ನಷ್ಟವನ್ನೂ ಒಟ್ಟಿಗೇ ಬೆಳೆಗಾರನ ಕೈಗೆ ಕೊಡುತ್ತದೆ. ಹೀಗೆ ಹೇಳಿದಾಗ ವಾದದ ಹೊಳಪು ಕೊಂಚ ಕಡಿಮೆಯಾಗುತ್ತದೆ, ಆದರೆ ಅದು ಮುರಿದು ಬೀಳುವುದಿಲ್ಲ. ಕಾಫಿ ಮಂಡಳಿಯೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಇಂದಿಗೂ ಇವೆ ಎಂಬುದನ್ನು ನೆನಪಿಸಿದರೆ, ಒಂದು ನಿರ್ಬಂಧವನ್ನು ತೆಗೆಯುವುದೆಂದರೆ ಸರ್ಕಾರವನ್ನೇ ಕಿತ್ತೊಗೆಯುವುದಲ್ಲ ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಪಕ್ಕಾ ಲಿಬರ್ಟೇರಿಯನ್ನರು ಇಷ್ಟಕ್ಕೆ ತೃಪ್ತರಾಗಲಾರರು. ಆದರೆ ಇಲ್ಲಿ ಒಪ್ಪಿಸಬೇಕಾದುದು ಅವರನ್ನಲ್ಲ.

ವ್ಯಾಪಾರದ ಸ್ವಾತಂತ್ರ್ಯವೊಂದನ್ನೇ ಹಿಡಿದು ಕೂತರೆ, ಇದು ಶ್ರೀಮಂತರ ಪರವಾದ ವಾದವೆಂಬ ಅನುಮಾನ ಸಹಜವಾಗಿಯೇ ಮೂಡುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರದಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಬೀದಿ ಬದಿಯಲ್ಲಿ ಮಾರುವವರನ್ನು ಮನಬಂದಂತೆ ಎತ್ತಂಗಡಿ ಮಾಡುವುದಕ್ಕೆ 2014ರ ಕಾಯ್ದೆ ಕಡಿವಾಣ ಹಾಕಿತು. ಇವನ್ನೂ ಅದೇ ಉಸಿರಿನಲ್ಲಿ ಸಮರ್ಥಿಸಿ. ತೆರಿಗೆ ಇಳಿಯಬೇಕೆನ್ನುತ್ತಲೇ ನೆರೆಯವರ ಊಟ, ಮದುವೆಗಳ ಮೇಲೆ ಕಾನೂನಿನ ಕಾವಲು ಬೇಕೆನ್ನುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಎಲ್ಲಕ್ಕಿಂತ ಕಠಿಣವಾದುದು ಭೂಮಿಯ ಪ್ರಶ್ನೆ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಬಂದ 1974ರ ತಿದ್ದುಪಡಿಯಿಂದ ಗೇಣಿದಾರರು ಉಳುವ ಹೊಲದ ಒಡೆಯರಾದರು. ಆಸ್ತಿಯ ಹಕ್ಕು ಪವಿತ್ರವೆಂದು ನೀವು ಹೇಳಿದೊಡನೆ, ಆ ಜಮೀನು ಭೂಮಾಲೀಕರಿಗೆ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಅನ್ಯಾಯದಿಂದ ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಸಲ್ಲಬೇಕೆಂಬ ತತ್ತ್ವ ಲಿಬರ್ಟೇರಿಯನ್ ಚಿಂತನೆಯೊಳಗೇ ಇದೆಯೆಂದು ತಿಳಿಸಿ. ಜಾತಿಯ ಇತಿಹಾಸವಿರುವ ನಾಡಿನಲ್ಲಿ ಅದನ್ನು ಅನ್ವಯಿಸುವುದು ಸುಲಭವಲ್ಲವೆಂಬುದನ್ನೂ ಒಪ್ಪಿಕೊಳ್ಳಿ. ಆನಂತರವೇ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳ ಮಾತೆತ್ತಿ: ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ ಅವು 2020ರಲ್ಲಿ ರದ್ದಾದವು. ಕಷ್ಟಕಾಲದಲ್ಲಿ ಹೊಲ ಮಾರಲು ಹೊರಟ ಸಣ್ಣ ರೈತನಿಗೆ ಕೊಳ್ಳುವವರ ಸಂಖ್ಯೆಯನ್ನು ಕಾನೂನೇ ಕುಗ್ಗಿಸಿತ್ತೆಂಬುದು ನಿಮ್ಮ ವಾದ. ರಿಯಲ್ ಎಸ್ಟೇಟಿನವರು ಹಳ್ಳಿಗಳನ್ನು ನುಂಗುತ್ತಾರೆಂಬುದು ಎದುರಿಗಿರುವವರದು. ಇಲ್ಲಿ ಒಂದೇ ಸಂಜೆಯಲ್ಲಿ ಗೆಲ್ಲಲು ಹೋಗದೆ, ಯಾವ ತಾಲ್ಲೂಕಿನಲ್ಲಿ, ಯಾರ ಜಮೀನು, ಯಾವ ಬೆಲೆಗೆ ಕೈ ಬದಲಾಯಿತೆಂದು ಇಬ್ಬರೂ ವಿಚಾರಿಸಿಕೊಂಡು ಬಂದು ಮಾತು ಮುಂದುವರಿಸಿ.