ವೆಲ್ಲಿಂಗ್ಟನ್‌ನಲ್ಲಿ ಒಂದು ದಿನ: ಮೊದಲು ಕಮ್ಮಟ, ಆಮೇಲೆ ಕಾಡು

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಸರಣಿಯ ಅಭಿಮಾನಿಗಳು ನ್ಯೂಜಿಲೆಂಡ್‌ಗೆ ಹೋದರೆ ಮೊದಲು ವಿಚಾರಿಸುವುದು ಹಾಬಿಟನ್ ಹಳ್ಳಿಯನ್ನು, ಅಂದರೆ ಕಥೆಯ ಕುಳ್ಳ ಜನರಾದ ಹಾಬಿಟ್‌ಗಳ ಊರನ್ನು. ಅದು ಇರುವುದು ಮಟಮಾಟಾದಲ್ಲಿ, ರಾಜಧಾನಿ ವೆಲ್ಲಿಂಗ್ಟನ್‌ನಿಂದ ಕಾರಿನಲ್ಲಿ ಸುಮಾರು ಆರು ಗಂಟೆಯ ದಾರಿ. ಒಂದೇ ದಿನ ಕೈಯಲ್ಲಿದ್ದರೆ ಅದರ ಆಸೆ ಬಿಡಿ. ವೆಲ್ಲಿಂಗ್ಟನ್ನಿನ ಸುತ್ತಲೇ ದಿನಕ್ಕಾಗಿ ಮಿಗುವಷ್ಟಿದೆ.

ಬೆಳಿಗ್ಗೆ ನೇರ ಮಿರಮಾರ್ ಬಡಾವಣೆಗೆ ಹೋಗಿ. ನಗರದಿಂದ 2ನೇ ನಂಬರಿನ ಬಸ್ಸಿದೆ. ರಿಚರ್ಡ್ ಟೇಲರ್ ಮತ್ತು ತಾನಿಯಾ ರಾಜರ್ 1987ರಲ್ಲಿ ಆರಂಭಿಸಿದ ವೇಟಾ ವರ್ಕ್‌ಶಾಪ್, ಅಂದರೆ ಈ ಚಿತ್ರಗಳ ಆಯುಧ, ಕವಚಗಳನ್ನು ತಯಾರಿಸಿದ ಕಮ್ಮಟ, ಇರುವುದು ಇಲ್ಲಿಯೇ. ಅದರ ಅಂಗಡಿಗೆ ಪ್ರವೇಶ ಉಚಿತ. ಗೈಡ್ ಜೊತೆಗಿನ ಪ್ರವಾಸಕ್ಕೆ ಮಾತ್ರ ಟಿಕೆಟ್ ಬೇಕು, ಮುಂಚೆಯೇ ಕಾಯ್ದಿರಿಸಿ. ಫೋಟೊ ತೆಗೆಯುವ ಮೊದಲು ಗೈಡನ್ನು ಕೇಳಿ. ಬಾಗಿಲ ಬಳಿಯ ಟ್ರೋಲ್ ಎಂಬ ದೈತ್ಯರ ಪ್ರತಿಮೆಗಳ ಮುಂದೆ ಮಾತ್ರ ಎಷ್ಟು ಸೆಲ್ಫಿಗೂ ಅಡ್ಡಿಯಿಲ್ಲ.

ಒಳಗೆ ಗಡಿಬಿಡಿ ಬೇಡ. ಯುದ್ಧದ ದೃಶ್ಯಗಳಲ್ಲಿ ಉಕ್ಕಿನದೆಂದು ನಾವು ನಂಬಿದ್ದ ಸರಪಳಿ ಅಂಗಿಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ಕಿನವು. ಪೈಪನ್ನು ಸಣ್ಣ ಉಂಗುರಗಳಾಗಿ ಕತ್ತರಿಸಿ, ಒಂದರೊಳಗೊಂದನ್ನು ಕೈಯಿಂದಲೇ ಸಿಕ್ಕಿಸಿ, ಲೋಹದ ಬಣ್ಣ ಕೊಟ್ಟಿದ್ದಾರೆ. ಉಕ್ಕಿನ ಅಂಗಿ ತೊಟ್ಟು ದಿನವಿಡೀ ಕುಣಿದಾಡಲು ಯಾರಿಂದಾದೀತು? ಕತ್ತಿಗಳದೂ ಇದೇ ಕಥೆ: ಕ್ಯಾಮೆರಾ ಹತ್ತಿರ ಬಂದಾಗ ಉಕ್ಕು, ಕಾದಾಟಕ್ಕೆ ಅಲ್ಯೂಮಿನಿಯಂ, ಹಿಂದಿನ ಸಾಲಿನ ಸೈನಿಕರಿಗೆ ಯುರೆಥೇನ್ ಎಂಬ ಪ್ಲಾಸ್ಟಿಕ್. ಹಾಬಿಟ್‌ಗಳ ರೋಮದ ಪಾದಗಳು ಫೋಮ್ ಲೇಟೆಕ್ಸ್ ಎಂಬ ಮೆತ್ತನೆಯ ರಬ್ಬರಿನವು. ಬೆಳಿಗ್ಗೆ ಅಂಟಿಸಿದ್ದನ್ನು ಸಂಜೆ ಕಿತ್ತರೆ ಮತ್ತೆ ಬಳಕೆಗೆ ಬಾರದು, ಮರುದಿನ ಹೊಸ ಜೋಡಿಯೇ ಆಗಬೇಕು.

ಕಮ್ಮಟವನ್ನು ಮೊದಲು ನೋಡಿ ಎನ್ನುವುದಕ್ಕೆ ಕಾರಣವಿದೆ. ಚಿತ್ರೀಕರಣದ ಜಾಗಗಳಲ್ಲಿ ಈಗ ಉಳಿದಿರುವುದು ಬಹುಪಾಲು ಮಣ್ಣು, ಮರ, ನೀರು. ಕಟ್ಟಿದ್ದು ಯಾವುದು, ಮೊದಲಿನಿಂದ ಇದ್ದದ್ದು ಯಾವುದು ಎಂಬ ಲೆಕ್ಕ ತಲೆಯಲ್ಲಿದ್ದರೆ ಆ ಬರಿಯ ಜಾಗವೂ ರುಚಿಸುತ್ತದೆ.

ಮೌಂಟ್ ವಿಕ್ಟೋರಿಯಾದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಊರ ನಡುವಿನ 196 ಮೀಟರ್ ಎತ್ತರದ ಗುಡ್ಡವಿದು. 1999ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರುವಾದದ್ದು ಇಲ್ಲಿಯೇ. ಕಪ್ಪು ಸವಾರನಿಗೆ ಹೆದರಿ ಹಾಬಿಟ್‌ಗಳು ಬೇರಿನಡಿ ಅವಿತುಕೊಂಡ ಮರ ಎಲ್ಲಿದೆ ಎಂದು ಹುಡುಕಬೇಡಿ. ಅದು ತಂಡದವರು ಮಾಡಿ ತಂದಿಟ್ಟದ್ದು. ಪೈನ್ ಮರಗಳ ನಡುವಿನ ಕಾಲುದಾರಿ ಮಾತ್ರ ಇದೆ. ಜಾಕೆಟ್ ಇರಲಿ, ವೆಲ್ಲಿಂಗ್ಟನ್ನಿನ ಗಾಳಿ ತಮಾಷೆಯದಲ್ಲ.

ಮಧ್ಯಾಹ್ನ ಕಾರು ಬಾಡಿಗೆಗೆ ಪಡೆಯಿರಿ. ಅಲ್ಲಿಯೂ ರಸ್ತೆಯ ಎಡಕ್ಕೇ ಓಡಿಸುವುದರಿಂದ ನಮ್ಮವರಿಗೆ ಕಷ್ಟವಿಲ್ಲ. ಉತ್ತರಕ್ಕೆ ಹೊರಟರೆ ಹೆದ್ದಾರಿಯ ಪಕ್ಕದಲ್ಲಿ ಡ್ರೈ ಕ್ರೀಕ್ ಕಲ್ಲುಗಣಿ ಸಿಗುತ್ತದೆ. ಹೆಲ್ಮ್ಸ್ ಡೀಪ್ ಕೋಟೆಯ ಕಾಳಗವನ್ನು ರಾತ್ರಿಗಟ್ಟಲೆ ಚಿತ್ರಿಸಿದ ಜಾಗ. ದೂರದಿಂದ ನೋಡಿ ಮುಂದೆ ಸಾಗಿ.

ನಗರದಿಂದ ಸುಮಾರು 45 ಕಿ.ಮೀ. ದೂರದ ಕೈಟೋಕೆ ಉದ್ಯಾನಕ್ಕೆ ಸಮಯ ಉಳಿಸಿಕೊಳ್ಳಿ. ಚಿತ್ರದಲ್ಲಿ ಎಲ್ಫ್‌ ಎಂಬ ಅಮರ ಜನರ ಊರಾದ ರಿವೆಂಡೆಲ್ ಇದೇ. ಸೆಟ್ ಎಂದೋ ಹೋಯಿತು. ಅಭಿಮಾನಿಗಳಿಗೆಂದು ಆಮೇಲೆ ನಿಲ್ಲಿಸಿದ ಕಮಾನೊಂದಿದೆ. ಫೋಟೊ ಮುಗಿಸಿ ಹಟ್ ನದಿಯ ದಂಡೆಗೆ ಇಳಿಯಿರಿ. ವೆಲ್ಲಿಂಗ್ಟನ್ನಿಗೆ ಕುಡಿಯುವ ನೀರು ಹೋಗುವುದೂ ಈ ಕಣಿವೆಯಿಂದಲೇ. ಕತ್ತಲಾಗುವ ಮುನ್ನ ಹೊರಡಿ.

ಸಂಜೆಗೆ ಇನ್ನೂ ದಣಿದಿಲ್ಲವಾದರೆ ನಗರದ ಕೋರ್ಟೆನೇ ಪ್ಲೇಸ್ ರಸ್ತೆಯ ಕೊನೆಯಲ್ಲಿರುವ ಎಂಬಸಿ ಚಿತ್ರಮಂದಿರಕ್ಕೆ ಬನ್ನಿ. ಮೂರನೆಯ ಭಾಗದ ಮೊದಲ ಪ್ರದರ್ಶನ 2003ರ ಡಿಸೆಂಬರ್ 1ರಂದು ನಡೆದದ್ದು ಇಲ್ಲಿ. ಆ ಹೊತ್ತಿಗೆ ಯಾವ ಚಿತ್ರ ಓಡುತ್ತಿದ್ದರೂ ಟಿಕೆಟ್ ತೆಗೆದುಕೊಳ್ಳಿ.