ಸಿಹಿನೀರಿಗೆ ಪ್ರೋಟೀನ್ ಸ್ಕಿಮ್ಮರ್ ಹಾಕಿ ಕೆಟ್ಟೆ

ಕಲಬುರಗಿಯ ನಮ್ಮ ಮನೆಯ 100 ಲೀಟರ್ ಮೀನಿನ ಟ್ಯಾಂಕಿನ ನೀರಿನ ಮೇಲೆ ದಿನಾ ಎಣ್ಣೆಯಂಥ ಪೊರೆ ಕೂರುತ್ತಿತ್ತು. ಬೇಸಿಗೆಯಲ್ಲಿ ಮೀನುಗಳು ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ನೀರು ಬದಲಿಸಿದೆ, ಎರಡೇ ದಿನ. ಫಿಲ್ಟರಿನ ಸ್ಪಾಂಜ್ ತೊಳೆದೆ, ಅದೇ ಕಥೆ. ಪ್ರೋಟೀನ್ ಸ್ಕಿಮ್ಮರ್ (ಗುಳ್ಳೆಗಳ ನೊರೆಯಲ್ಲಿ ಕೊಳೆ ಎತ್ತಿ ಕಪ್ಪಿಗೆ ತುಂಬುವ ಸಾಧನ) ಹಾಕಿದೆ, ವಾರವಾದರೂ ಕಪ್ ಖಾಲಿ. ಉಪ್ಪುನೀರಿನಲ್ಲಿ ಗುಳ್ಳೆ ಸಣ್ಣಗೇ ಉಳಿದು ನೊರೆಯಾಗುತ್ತದೆ. ಸಿಹಿನೀರಿನಲ್ಲಿ ಒಂದಕ್ಕೊಂದು ಸೇರಿ ಟಪ್ ಅಂತ ಒಡೆಯುತ್ತವೆ. ನೊರೆಗಾಗಿ ಉಪ್ಪು ಸುರಿಯಬೇಡಿ, ಮೀನೇ ಉಳಿಯಲ್ಲ.

ಕೊನೆಗೆ ಪಂಪ್ ಆಫ್ ಮಾಡಿದೆ. ಟಿಶ್ಯೂ ಪೇಪರ್ ನೀರಿನ ಮೇಲೆ ಹಾಸಿ ಒಂದು ತುದಿಯಿಂದ ಮೆಲ್ಲಗೆ ಎಳೆದೆ. ಮೂರು ಹಾಳೆಗೆ ಪೊರೆ ಹೋಯ್ತು. ಆಮೇಲೆ ಫಿಲ್ಟರಿನ ಹೊರಬಾಯಿಯನ್ನು ನೀರಿನ ಮಟ್ಟಕ್ಕೆ ಎತ್ತಿ, ಕೊಂಚ ಮೇಲಕ್ಕೆ ತಿರುಗಿಸಿದೆ. ಇಡೀ ಮೇಲ್ಮೈ ಅಲುಗಬೇಕು, ಮೂಲೆಯೂ ಸೇರಿ. ರಾತ್ರಿಯೂ ಆಫ್ ಮಾಡಲ್ಲ. ಮೀನಿನ ಊಟ ಅರ್ಧ, ವಾರಕ್ಕೊಮ್ಮೆ 25 ಲೀಟರ್ ಬದಲು. ನಮ್ಮ ಬಿಸಿಲಿಗೆ ನೀರು ಬೇಗ ಇಳಿಯುತ್ತೆ, ದಿನಾ ಒಂದು ಚೊಂಬು ಸೇರಿಸಿ.